ಎರಡು ವರ್ಷದ ಹಿಂದೆಯೇ ಸರಿಯಾಗಿದ್ದ ತಪ್ಪು

ನಮ್ಮಕ್ಕನ ದನಿಯನ್ನು ಕಾಯಿಲೆ ತಿಂದಿತು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಅದು ಅರ್ಧ ನಿಜ. ಗಂಟಲಿನಲ್ಲಿದ್ದದ್ದನ್ನು ಕಾಯಿಲೆ ತಿಂದಿತು. ಅದಕ್ಕೂ ಮುಂಚೆ ನಾವು ಬಿಡಿಸಿ ತೆಗೆದು ಜೋಪಾನವಾಗಿ ಇಟ್ಟಿದ್ದ ದನಿ ಒಂದಿತ್ತು. ಅದನ್ನು ತಿಂದದ್ದು ಒಂದು ಹಳೇ ತಂತ್ರಾಂಶದೊಳಗಿನ ತಪ್ಪು. ಆ ತಪ್ಪನ್ನು ಅದನ್ನು ಬರೆದವರೇ ಎರಡು ವರ್ಷದ ಹಿಂದೆ ಸರಿಪಡಿಸಿದ್ದರು. ಸರಿಯಾದದ್ದು ನಮ್ಮ ತನಕ ಬಂದಿರಲಿಲ್ಲ, ಅಷ್ಟೇ.

ಅಕ್ಕ ಬಸ್ ಕಂಡಕ್ಟರ್. ಹದಿನಾರು ವರ್ಷ ಒಂದೇ ರೂಟು. ಹಿಂದಿನ ಬಾಗಿಲಲ್ಲಿ ನಿಂತು ಅವಳು ಒಂದು ಕೂಗು ಹಾಕಿದರೆ ಡ್ರೈವರ್ ಮಾತ್ರವಲ್ಲ, ಪಕ್ಕದಲ್ಲಿ ಹೋಗುವ ಲಾರಿಯವನೂ ಬ್ರೇಕು ಒತ್ತುತ್ತಿದ್ದ. ಮನೆಯಲ್ಲೂ ಹಾಗೇ. ಭಾವ ಬೀಗ ರಿಪೇರಿ ಮಾಡುವವನು, ಬೀಗದಂತೆಯೇ ಬಾಯಿ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅಮ್ಮ ಹೋದ ವರ್ಷ ನಾನು ಗಣಿತದ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಮುರಿದು ಶಾಲೆಯಿಂದ ಹೊರಗೆ ಬಂದೆ. ಅಕ್ಕ ಒಂದು ವಾರ ಬೈದಳು. ಎಂಟನೇ ದಿನ ಕೈಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂರಿಸಿದಳು. "ಇವನು ಪಟಾಕಿ. ಬತ್ತಿ ಮುಟ್ಟಬೇಡಿ, ಕೆಲಸ ಕೊಡಿ," ಅಂತ ಅಂಗಡಿಯವನಿಗೆ ಹೇಳಿದಳು. ಆವತ್ತಿನಿಂದ ನಾನು ಪಟಾಕಿ.

ಈಗ ನಾನು ಮಾತಿನ ಚಿಕಿತ್ಸಾ ಕೇಂದ್ರವೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ತೊದಲುವವರು, ಲಕ್ವ ಹೊಡೆದು ಮಾತು ಮರೆತವರು ಅಲ್ಲಿಗೆ ಬರುತ್ತಾರೆ. ಗಂಟಲಿನ ಗಡ್ಡೆಯಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರೂ ಬರುತ್ತಾರೆ. ಇವರಿಗೆ ಅಂತಲೇ ಒಂದು ಗಾಜಿನ ಕೋಣೆ ಇದೆ. ಆಪರೇಷನ್ನಿಗೆ ಮುಂಚೆ ಅವರು ಅದರೊಳಗೆ ಕೂತು, ಕಾಗದ ನೋಡಿಕೊಂಡು, ಸಾವಿರದ ಇನ್ನೂರು ವಾಕ್ಯ ಓದಬೇಕು. ಅದರಿಂದ ಅವರದೇ ದನಿಯೊಂದನ್ನು ಕಟ್ಟುತ್ತಾರೆ. ಆಮೇಲೆ ಅವರು ಫೋನಿನಲ್ಲಿ ಏನು ಟೈಪು ಮಾಡಿದರೂ ಅದು ಅವರ ದನಿಯಲ್ಲೇ ಹೇಳುತ್ತದೆ. ಪೂರ್ತಿ ಅವರೇ ಅಲ್ಲ. ಆದರೆ ಕತ್ತಲೆಯಲ್ಲಿ ಕೇಳಿದರೆ ಮನೆಯವರು ಗುರುತು ಹಿಡಿಯುತ್ತಾರೆ.

ಅಕ್ಕನ ಗಂಟಲು ಕಟ್ಟಿಕೊಂಡದ್ದನ್ನು ಮೊದಲು ಎಲ್ಲರೂ ಬಸ್ಸಿನ ಧೂಳು ಅಂದರು. ಧೂಳಲ್ಲ ಅಂತ ಡಾಕ್ಟರು ಹೇಳಿದ ದಿನ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಕ್ಕ ಮಾತ್ರ ನನ್ನ ಕಡೆ ತಿರುಗಿ, "ನಿಮ್ಮ ಆಫೀಸಲ್ಲಿ ಆ ಗಾಜಿನ ಡಬ್ಬ ಇದೆಯಲ್ಲೋ, ಅದರಲ್ಲಿ ನನಗೊಂದು ಸೀಟು ಹಿಡಿ," ಅಂದಳು.

ಸೀಟು ಹಿಡಿದೆ. ಆಗಿನ್ನೂ ದನಿ ಅಷ್ಟು ಕೆಟ್ಟಿರಲಿಲ್ಲ. ಆರು ವಾರ, ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದು ಓದಿದಳು. ಆ ಕಾಗದದ ವಾಕ್ಯಗಳಿಗೆ ಅರ್ಥ ಮುಖ್ಯವಲ್ಲ, ಎಲ್ಲ ಅಕ್ಷರದ ಸದ್ದೂ ಬರಬೇಕು. "ಛತ್ರಿಯೊಳಗೆ ಝರಿ ಹರಿದರೆ ಠಾಣೆಯವರು ಢೋಲು ಹೊಡೆಯುವರು" ಅಂತ ಓದಿ ಅವಳು ಗಾಜಿನ ಆಚೆಯಿಂದ ಕೇಳುತ್ತಿದ್ದಳು: "ಇದನ್ನ ಬರೆದವನಿಗೆ ಯಾರೋ ಚಿಕಿತ್ಸೆ ಕೊಡೋದು?"

ರೆಕಾರ್ಡ್ ಆದ ಒಂದೊಂದು ವಾಕ್ಯವೂ ಒಂದೊಂದು ಫೈಲು. ಫೈಲಿಗೆ ಬರೀ ಸಂಖ್ಯೆಯ ಹೆಸರು. ಅಕ್ಕನಿಗೆ ಅದು ಸರಿಬರಲಿಲ್ಲ. ಯಾವುದನ್ನು ಕೆಮ್ಮಿ ಕೆಡಿಸಿದ್ದೆ, ಯಾವುದನ್ನು ಇನ್ನೊಮ್ಮೆ ಹೇಳಬೇಕು ಅಂತ ಹುಡುಕಿ ಹುಡುಕಿ ರೇಗುತ್ತಿದ್ದಳು. "ನಾನೇನು ಟಿಕೆಟ್ ಪುಸ್ತಕವಾ, ನಂಬರಲ್ಲಿ ಹುಡುಕೋಕೆ? ಹೇಳಿದ್ದೇ ಹೆಸರಾಗಿ ಕಾಣಿಸಲಿ ಕಣೋ."

ನಾನು ಒಂದು ಮಧ್ಯಾಹ್ನ ಕೂತು ಪುಟ್ಟ ಪ್ರೋಗ್ರಾಂ ಬರೆದೆ. ಅಕ್ಕ ಆಗಲೇ ಓದಿದ್ದ, ಇನ್ನು ಓದಲಿರುವ ಒಂದೊಂದು ವಾಕ್ಯವೂ, ನಮ್ಮ ಅಕ್ಷರದಲ್ಲೇ, ಆ ಫೈಲಿನ ಹೆಸರಾಗುವ ಹಾಗೆ. ಮಾರನೇ ದಿನ ಪರದೆಯ ಮೇಲೆ ತನ್ನ ಮಾತುಗಳು ಸಾಲಾಗಿ ನಿಂತದ್ದನ್ನು ನೋಡಿ ಅವಳು ನನ್ನ ತಲೆಗೆ ಮೊಟಕಿದಳು. ಅವಳ ಮೆಚ್ಚುಗೆ ಬರುವುದೇ ಹಾಗೆ. ನನಗೆ ಹಿಗ್ಗು. ಉಳಿದ ರೋಗಿಗಳಿಗೂ ಹೀಗೇ ಮಾಡಿಕೊಡಬೇಕು ಅಂದುಕೊಂಡೆ. ಪುರುಸೊತ್ತಾಗಲಿಲ್ಲ. ಅವರೆಲ್ಲ ನಂಬರಿನಲ್ಲೇ ಉಳಿದರು. ಪುಣ್ಯವಂತರು.

ಇನ್ನು ಆ ತಂತ್ರಾಂಶದ ವಿಷಯ. ಸರ್ವರನ್ನು ನಡೆಸಲು ಒಂದು ಪ್ಯಾನೆಲ್ ಇರುತ್ತದೆ. ಹೊಸಬರಿಗೆ ಖಾತೆ ತೆರೆಯುವುದು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೋಡುವುದು, ಎಲ್ಲದರ ನಕಲು ತೆಗೆದು ಇನ್ನೊಂದು ಕಡೆ ಇಡುವುದು, ಹೀಗೆ ಎಲ್ಲ ಅದರಿಂದಲೇ. ಅದನ್ನು ಬರೆಯುವವರು ಎಲ್ಲೋ ಇದ್ದಾರೆ. ತಿಂಗಳಿಗೊಮ್ಮೆ ತಪ್ಪು ತಿದ್ದಿ ಹೊಸದು ಬಿಡುತ್ತಾರೆ. ಆದರೆ ನಾವು ಅವರಿಂದ ನೇರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಸರ್ವರಿನ ಮೂಲ ವ್ಯವಸ್ಥೆಯನ್ನು ಮಾಡುವ ಇನ್ನೊಂದು ಗುಂಪಿದೆ. ಅವರು ಆ ಪ್ಯಾನೆಲನ್ನು ಯಾವತ್ತೋ ಒಂದು ದಿನ ಎತ್ತಿ, ಪ್ಯಾಕೇಜು ಕಟ್ಟಿ, ಮೊಹರು ಹಾಕಿ ಇಟ್ಟಿರುತ್ತಾರೆ. ನಾವು ತಿನ್ನಬೇಕಾದದ್ದು ಆ ತಂಗಳನ್ನೇ. ಅದಕ್ಕೆ ಅವರು ಕೊಟ್ಟಿರುವ ಹೆಸರು "ಸ್ಥಿರ ಆವೃತ್ತಿ". ಹೆಣದಷ್ಟು ಸ್ಥಿರ.

ನಮ್ಮ ಪ್ಯಾಕೇಜಿನಲ್ಲಿ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಡಿಸ್ಕು ಶೇಕಡಾ ನೂರ ನಾಲ್ಕು ತುಂಬಿದೆ ಅಂತ ತೋರಿಸುತ್ತಿತ್ತು. ನೂರು ಹಿಡಿಯುವ ಪಾತ್ರೆಯಲ್ಲಿ ನೂರ ನಾಲ್ಕು! ಇನ್ನೊಮ್ಮೆ ನೋಡಿದರೆ ಐವತ್ತು. ಮರುಕ್ಷಣ ಎಂಬತ್ತು. ನಾನು ಬರೆದವರಿಗೇ ಪತ್ರ ಹಾಕಿದೆ. ಉತ್ತರ ಬಂತು: ನಿಮ್ಮದು ತುಂಬ ಹಳೇದು, ಇದನ್ನು ನಾವು ಯಾವತ್ತೋ ಸರಿ ಮಾಡಿದ್ದೇವೆ, ಪ್ಯಾಕೇಜು ಕಟ್ಟಿದವರನ್ನು ಕೇಳಿ. ಪ್ಯಾಕೇಜು ಕಟ್ಟಿದವರನ್ನು ಕೇಳಿದೆ. ಅವರ ಉತ್ತರ: ಸ್ಥಿರ ಆವೃತ್ತಿಯಲ್ಲಿ ಇಂಥ ಸಣ್ಣಪುಟ್ಟ ಬದಲಾವಣೆ ಮಾಡುವುದಿಲ್ಲ, ಮುಂದಿನ ಆವೃತ್ತಿಗೆ ಕಾಯಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ನಾನು ಕಾಯಲಿಲ್ಲ. ಬರೆದವರ ಜಾಗದಿಂದಲೇ ಹೊಸದನ್ನು ಇಳಿಸಿ ಹಾಕಿದೆ. ಹೂವು ಎತ್ತಿದಂತೆ ನಡೆಯಿತು. ಐದು ವಾರ. ಆಮೇಲೆ ಕೇಂದ್ರ ಕಚೇರಿಯಿಂದ ಸಿಸ್ಟಮ್ ಆಫೀಸರ್ ತಪಾಸಣೆಗೆ ಬಂದರು. ನಾನು ಅವರಿಗೆ ಇಟ್ಟಿರುವ ಹೆಸರು ನಿಯಮ ಸಾರ್.

"ಇದು ಪ್ಯಾಕೇಜಿಂದ ಬಂದಿದ್ದಲ್ಲವಲ್ಲ?" ಅಂದರು.

"ಅಲ್ಲ ಸಾರ್. ಅದರಲ್ಲಿ ತಪ್ಪುಗಳಿವೆ. ಇದರಲ್ಲಿ ಸರಿ ಮಾಡಿದ್ದಾರೆ."

"ಯಾರು ಹೇಳಿದ್ರು?"

"ಮಾಡಿದವರೇ ಬರೆದಿದ್ದಾರೆ ಸಾರ್. ಪಟ್ಟಿ ಇದೆ."

"ನೀವು ಓದಿದ್ದು ಎಷ್ಟನೇ ಕ್ಲಾಸು?"

ಹತ್ತು ಮುಗಿಸಿಲ್ಲ ಅಂದೆ. ಅವರು ಮಾತಿನ ಮೇಡಂ ಕಡೆ ತಿರುಗಿ ನಕ್ಕರು. "ಹತ್ತನೇ ಕ್ಲಾಸು ದಾಟದವರು ನಮಗೆ ಪಾಠ ಹೇಳೋ ಕಾಲ ಬಂತು ನೋಡಿ ಮೇಡಂ." ಮಾತಿನ ಮೇಡಂ ಅಂದರೆ ನಮ್ಮ ಕೇಂದ್ರದ ಚಿಕಿತ್ಸಕಿ, ದನಿ ಕಟ್ಟುವವರು. ಅವರು ನಗಲಿಲ್ಲ. ನಾನೂ ಬೆತ್ತ ಮುರಿಯುವ ವಯಸ್ಸು ದಾಟಿದ್ದೆ. ಹೊಸದನ್ನು ಕಿತ್ತು ಹಳೇದನ್ನು ಹಾಕಿದೆ. ಎಚ್ಚರಿಕೆ ಪತ್ರಕ್ಕೆ ಸಹಿ ಮಾಡಿದೆ. ಇದಾಗಿ ನಾಲ್ಕು ತಿಂಗಳಿಗೆ ಅಕ್ಕ ಗಾಜಿನ ಕೋಣೆಗೆ ಬಂದಳು.

ಅವಳ ರೆಕಾರ್ಡಿಂಗು ಮುಗಿದ ವಾರ ಸರ್ವರಿನ ಡಿಸ್ಕು ಕಟಕಟ ಅನ್ನತೊಡಗಿತು. ಸಾಯುವ ಮುಂಚೆ ಡಿಸ್ಕು ಹಾಗೇ ಹಲ್ಲು ಕಡಿಯುತ್ತದೆ. ಹೊಸ ಡಿಸ್ಕು ತರಿಸಿದೆ. ನಕಲು ತೆಗೆಯುವ ಕೆಲಸವನ್ನು ಪ್ಯಾನೆಲಿನಿಂದಲೇ ಓಡಿಸಿದೆ. ಹಸಿರು ಗುರುತು ಬಂತು: ಯಶಸ್ವಿ, ದೋಷ ಸೊನ್ನೆ. ಆದರೂ ನಂಬಲಿಲ್ಲ. ನಾನೇನು ಅಷ್ಟು ದಡ್ಡನಲ್ಲ. ಒಂದು ಪರೀಕ್ಷೆ ಇಟ್ಟೆ. 'ಟೆಸ್ಟ್' ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟು ಒಂದು ಫೋಲ್ಡರು, ಅದರೊಳಗೆ 'ಟೆಸ್ಟ್ ಒಂದು', 'ಟೆಸ್ಟ್ ಎರಡು', 'ಟೆಸ್ಟ್ ಮೂರು'. ನಕಲು ತೆಗೆದು, ಅಳಿಸಿ, ವಾಪಸ್ ತಂದೆ. ಮೂರೂ ಬಂದವು. ಈ ಕೆಲಸದಲ್ಲಿರುವ ಯಾರನ್ನೇ ಕೇಳಿ, ಪರೀಕ್ಷೆಗೆ ಇಡುವ ಹೆಸರು ಅದೇ. ಅಮ್ಮನ ಹೆಸರು ನಮ್ಮ ಅಕ್ಷರದಲ್ಲಿ ಬರೆದು ಪರೀಕ್ಷೆ ಮಾಡುವವನನ್ನು ನಾನು ಈ ತನಕ ಕಂಡಿಲ್ಲ.

ಹೊಸ ಡಿಸ್ಕಿಗೆ ಎಲ್ಲವನ್ನೂ ತುಂಬಿಸಿದೆ. ಮತ್ತೆ ಹಸಿರು. ಕೊನೆಗೆ ಜಾಗದ ಪುಟ ತೆರೆದೆ. ತುಂಬಿದ್ದು ಮುಂಚಿಗಿಂತ ಕಡಿಮೆ ಅಂತ ತೋರಿಸುತ್ತಿತ್ತು. ನೋಡಿದೆ. ನಕ್ಕೆ. "ಮತ್ತೆ ಶುರು ಮಾಡ್ಕೊಂಡೆಯಾ," ಅಂತ ಪರದೆಗೆ ಬೈದು ಪುಟ ಮುಚ್ಚಿದೆ. ವರ್ಷಗಟ್ಟಲೆ ಸುಳ್ಳು ಹೇಳಿದ ಪುಟ ಆವತ್ತು ಒಂದು ಸಲ ನಿಜ ಹೇಳಿತ್ತು.

ಹಳೇ ಡಿಸ್ಕಿಗೆ ಬೇರೆ ನಿಯಮ. ರೋಗಿಗಳ ಗುಟ್ಟು ಅದರಲ್ಲಿರುವುದರಿಂದ ಅದನ್ನು ಹಾಗೇ ಬಿಡುವಂತಿಲ್ಲ, ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳುವಂತಿಲ್ಲ, ರೆಕಾರ್ಡಿಂಗ್ ಕೋಣೆಯ ಕಂಪ್ಯೂಟರಿನಲ್ಲಿ ಏನೂ ಉಳಿಯುವಂತಿಲ್ಲ. ಡ್ರಿಲ್ ಹಿಡಿದು ಮೂರು ತೂತು ಕೊರೆದು, ಫೋಟೊ ತೆಗೆದು, ಕೇಂದ್ರ ಕಚೇರಿಗೆ ಕಳಿಸಬೇಕು. ಕೊರೆದೆ. ಇದೇ ಕೈ. ಲೋಹದ ಪುಡಿ ಮೇಜಿನ ಮೇಲೆ ಸುರಿಯಿತು, ಊದಿ ಒರೆಸಿದೆ.

ಇದು ಸೋಮವಾರ. ಅಕ್ಕನ ಆಪರೇಷನ್ನು ಗುರುವಾರ ಬೆಳಿಗ್ಗೆ. ಬುಧವಾರ ಹತ್ತು ಗಂಟೆಗೆ ಮಾತಿನ ಮೇಡಂ ಅವಳ ದನಿ ಕಟ್ಟಲು ಕೂತರು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಅಕ್ಕ ಕಣ್ಣು ಬಿಡುವಷ್ಟರಲ್ಲಿ ಸಿದ್ಧವಾಗಲಿ ಅಂತ. ನಾನು ಪಕ್ಕದ ಕೋಣೆಯಲ್ಲಿ ವೈರು ಕಟ್ಟುತ್ತಿದ್ದೆ.

"ಸ್ವಲ್ಪ ಬರ್ತೀರಾ?" ಅಂತ ಕರೆದರು. "ಅಕ್ಕನ ಫೈಲೆಲ್ಲ ಬೇರೆ ಕಡೆ ಇಟ್ಟಿದೀರಾ?"

"ಇಲ್ವಲ್ಲ ಮೇಡಂ. ಅಲ್ಲೇ ಇವೆ."

"ಇಲ್ಲಿ ಹನ್ನೊಂದಿದೆ."

"ಹನ್ನೊಂದು ನೂರಾ? ಹನ್ನೆರಡು ನೂರಿರಬೇಕು. ನೂರು ಎಲ್ಲಿ ಹೋಯ್ತು?"

"ಹನ್ನೊಂದು ನೂರಲ್ಲ. ಹನ್ನೊಂದು."

ನಾನು ಅವರ ಕೈಯಿಂದ ಮೌಸ್ ಕಿತ್ತುಕೊಂಡೆ. ಹನ್ನೊಂದು. ಮೊದಲ ದಿನ ಮೈಕು ಸರಿಯಿದೆಯಾ ಅಂತ ನೋಡಲು ಮಾಡಿದವು, ನಂಬರಿನ ಹೆಸರಿನವು. ಒಂದನ್ನು ತೆರೆದೆ. ಗಂಟಲು ಸರಿಮಾಡಿಕೊಂಡ ಸದ್ದು, ಕುರ್ಚಿ ಎಳೆದದ್ದು, "ಕೇಳಿಸ್ತಾ ಇದೆಯೇನೋ? ತಲೆ ಆಡಿಸು" ಅಂದದ್ದು. ಅಷ್ಟೇ. ನಮ್ಮ ಅಕ್ಷರದ ಹೆಸರಿದ್ದ ಒಂದು ಫೈಲೂ ಇರಲಿಲ್ಲ. ನಕಲಿನಲ್ಲಿ ಹುಡುಕಿದೆ, ಅದರ ಹಿಂದಿನ ನಕಲಿನಲ್ಲಿ, ಅದಕ್ಕೂ ಹಿಂದಿನದರಲ್ಲಿ. ಒಂದರಲ್ಲೂ ಇಲ್ಲ. ಎಲ್ಲದರ ಮೇಲೂ ಹಸಿರು. ಉಳಿದ ಹದಿನಾಲ್ಕು ರೋಗಿಗಳ ಫೋಲ್ಡರು ತೆರೆದು ನೋಡಿದೆ. ಎಲ್ಲ ನಂಬರು, ಎಲ್ಲ ಭದ್ರ.

ಆಗ ಗೊತ್ತಾಯಿತು. ಗೊತ್ತಾದರೂ ಕಣ್ಣಿಂದ ನೋಡಬೇಕಿತ್ತು. ತಂತ್ರಾಂಶ ಬರೆದವರ ಪಟ್ಟಿ ತೆಗೆದೆ, ಯಾವ ಯಾವ ತಪ್ಪು ಯಾವತ್ತು ತಿದ್ದಿದೆವು ಅನ್ನುವ ಪಟ್ಟಿ. ಎಪ್ಪತ್ತಮೂರನೇ ಸಾಲು: "ಇಂಗ್ಲಿಷ್ ಅಲ್ಲದ ಅಕ್ಷರಗಳ ಹೆಸರಿರುವ ಫೈಲುಗಳನ್ನು ನಕಲು ತೆಗೆಯುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಸರಿಪಡಿಸಲಾಗಿದೆ." ತಾರೀಖು ಎರಡು ವರ್ಷ ನಾಲ್ಕು ತಿಂಗಳ ಹಿಂದಿನದು.

ಇಂಗ್ಲಿಷಿನಲ್ಲಿ ಒಂದೇ ಸಾಲು. ಅವರಿಗೆ ಅದು ಸಣ್ಣಪುಟ್ಟದ್ದು.

ಎಲ್ಲರನ್ನೂ ಬೈದೆ, ಸರಿ. ಇದನ್ನೂ ಹೇಳುತ್ತೇನೆ. ಆ ಪಟ್ಟಿಯನ್ನು ನಾನು ಮೊದಲೇ ತೆರೆದಿದ್ದೆ, ಹೊಸದನ್ನು ಹಾಕಿದ ದಿನ. ನನಗೆ ಇಂಗ್ಲಿಷ್ ಒಂದೊಂದೇ ಪದ ಬೆರಳಿಟ್ಟು ಓದಬೇಕು. ನಲವತ್ತನೇ ಸಾಲಿನಲ್ಲಿ ನೂರ ನಾಲ್ಕರ ವಿಷಯ ಸಿಕ್ಕಿತು. ಸಿಕ್ಕ ಕೂಡಲೇ ಗೆದ್ದವನ ಹಾಗೆ ಪಟ್ಟಿ ಮುಚ್ಚಿದ್ದೆ. ಇನ್ನು ಮೂವತ್ತಮೂರು ಸಾಲು ಕೆಳಗೆ ಹೋಗಿದ್ದರೆ ಅಕ್ಕನಿಗೆ ಹೇಳುತ್ತಿದ್ದೆ: ನಂಬರಲ್ಲೇ ಇರಲಿ ಕಣೇ, ನಾನೇ ಹುಡುಕಿಕೊಡ್ತೀನಿ.

ನಿಯಮ ಸಾರ್‌ಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ದನಿ ಏರಿಸಲಿಲ್ಲ, ಏರಿಸಲು ಆಗಲಿಲ್ಲ.

ಅವರು ಕೇಳಿದರು: "ಡಿಸ್ಕು ಕೊರೆದ ಫೋಟೊ ಕಳಿಸಿದೀರಿ ಅಲ್ವಾ?"

"ಕಳಿಸಿದೀನಿ."

"ನಕಲು ತೆಗೆದ ವರದಿ ಹಸಿರಿತ್ತು?"

"ಇತ್ತು."

"ಹಾಗಾದ್ರೆ ಹೆದರಬೇಡಿ. ಎಲ್ಲಾ ನಿಯಮದ ಪ್ರಕಾರ ಮಾಡಿದೀರಿ. ನಿಮ್ಮ ಮೇಲೆ ಏನೂ ಬರಲ್ಲ."

"ಸಾರ್, ಅದು ನಮ್ಮಕ್ಕ."

"ಗೊತ್ತಾಯ್ತು. ಬೇಜಾರಿನ ವಿಷಯ. ಒಂದು ಟಿಪ್ಪಣಿ ಬರೆದು ಕಳಿಸಿ, ಮುಂದಿನ ಸಭೆಯಲ್ಲಿ ಇಡೋಣ."

ಫೋನು ಇಟ್ಟೆ. ಬೈದಿದ್ದರೆ, ನಿನ್ನಿಂದಲೇ ಆಯಿತು ಅಂದಿದ್ದರೆ, ಒಂದು ಜಗಳವಾದರೂ ಆಗುತ್ತಿತ್ತು. ಮೇಜಿನ ಕೆಳಗಿದ್ದ ಕಸದ ಬುಟ್ಟಿಗೆ ಒದ್ದೆ. ಕೈಲಾಗದವನು ಮೈ ಪರಚಿಕೊಂಡ ಹಾಗೆ. ಮಾತಿನ ಮೇಡಂ ಬಗ್ಗಿ ಕಾಗದಗಳನ್ನು ಬುಟ್ಟಿಗೆ ತುಂಬಿದರು.

"ಆಪರೇಷನ್ನು ಒಂದು ವಾರ ಮುಂದಕ್ಕೆ ಹಾಕಿಸೋಣ ಮೇಡಂ. ಮತ್ತೆ ಓದಿಸೋಣ."

"ಡಾಕ್ಟರನ್ನ ಕೇಳಿದೆ, ನೀವು ಫೋನಲ್ಲಿ ಇದ್ದಾಗ. ಆಗಲ್ಲ. ಉಸಿರಿನ ದಾರಿಗೆ ಅಡ್ಡ ಬರ್ತಿದೆ." ಅವರು ಮೇಜಿನಂಚನ್ನು ಹಿಡಿದುಕೊಂಡು ನಿಂತರು. "ಮತ್ತೆ, ಈಗ ಓದಿಸಿದರೂ ಅದು ಆ ದನಿ ಅಲ್ಲ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಓದು ಮುಗಿದ ಮೇಲೆ ಅವಳ ದನಿ ಕಿತ್ತುಹೋಗಿತ್ತು, ಹರಿದ ಟಾರ್ಪಾಲು ಗಾಳಿಗೆ ಬಡಿದುಕೊಂಡಂತೆ. ಮನೆಯವರ ಫೋನಿನಲ್ಲಿ ಎರಡು ಮೂರು ವಿಡಿಯೊ ಇದ್ದವು. ಅದರಲ್ಲಿ ಅಕ್ಕನಿಗಿಂತ ಬಸ್ಸೇ ಹೆಚ್ಚು ಮಾತಾಡಿತ್ತು.

ಮೇಡಂ ಕಪಾಟಿನಿಂದ ಅಂಗೈಯಗಲದ ರೆಕಾರ್ಡರು ತೆಗೆದು ಕೊಟ್ಟರು, ಜೊತೆಗೆ ಒಂದು ಹಾಳೆ. "ದನಿ ಕಟ್ಟೋಕೆ ಆಗಲ್ಲ. ಆದರೆ ಐವತ್ತು ಮಾತು ಹೇಳಿಸಿಕೊಳ್ಳಿ. ಹೇಗಿದೆಯೋ ಹಾಗೇ. ಬೇಕಾದಾಗ ಅದನ್ನೇ ಹಾಕಿ ಕೇಳಿಸಬಹುದು. ಸಂಜೆ ಐದಕ್ಕೆ ಅವರು ಆಸ್ಪತ್ರೆ ಸೇರಬೇಕು. ಹೊರಡಿ."

ಮನೆ ತಲುಪಿದಾಗ ಹನ್ನೆರಡೂವರೆ. ಅಕ್ಕ ಮಂಚದ ಮೇಲೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಭಾವ ನೆಲದ ಮೇಲೆ ಕೂತು ಯಾರದೋ ಬೀಗದ ಹೊಟ್ಟೆ ಬಿಚ್ಚಿಟ್ಟುಕೊಂಡಿದ್ದ. ಆವತ್ತು ಅಂಗಡಿ ತೆರೆದಿರಲಿಲ್ಲ, ಕೆಲಸವನ್ನು ಮನೆಗೇ ತಂದಿದ್ದ.

"ಏನೋ ಪಟಾಕಿ, ಇಷ್ಟೊತ್ತಿಗೆ? ಕೆಲಸದಿಂದ ತೆಗೆದರಾ?" ಅಂದಳು. ಆ ಹರಿದ ದನಿಯಲ್ಲೇ.

ನಿಂತುಕೊಂಡೇ ಹೇಳಿದೆ. ಡಿಸ್ಕು, ಹಸಿರು ಗುರುತು, ಮೂರು ತೂತು, ಎಪ್ಪತ್ತಮೂರನೇ ಸಾಲು. ಹೆಸರು ಬದಲಾಯಿಸಿದ್ದರಿಂದಲೇ ಹೋಯಿತು ಅನ್ನುವುದನ್ನೂ ಬಿಡಲಿಲ್ಲ. ಅವಳು ಕೈಯಲ್ಲಿದ್ದ ಟವೆಲನ್ನು ಮಡಿಚುವುದು ನಿಲ್ಲಿಸಿರಲಿಲ್ಲ. ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು.

"ಎಲ್ಲಾನಾ?"

"ಎಲ್ಲಾ."

"ಆ ಛತ್ರಿ, ಝರಿ, ಢೋಲು, ಎಲ್ಲಾ?"

"ಹೂಂ ಕಣೇ."

ಅವಳು ಕಿಟಕಿಯ ಕಡೆ ತಿರುಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಹೆಗಲು ಎರಡು ಸಲ ಕುಲುಕಿತು. ನಕ್ಕಳೋ ಏನೋ ಅಂದುಕೊಂಡೆ. ನಗುವಲ್ಲ. ಭಾವನ ಕೈಯಿಂದ ಸ್ಪ್ರಿಂಗು ಜಾರಿ ಮಂಚದಡಿಗೆ ಹಾರಿತು, ಯಾರೂ ಹುಡುಕಲಿಲ್ಲ.

ಅವಳು ಮುಖ ತೊಳೆದುಕೊಂಡು ಬಂದು ಕೂತಳು. ನಾನು ರೆಕಾರ್ಡರು, ಹಾಳೆ ಎರಡನ್ನೂ ಮಂಚದ ಮೇಲಿಟ್ಟೆ. ಐವತ್ತು ಮಾತು ಸಾಕು ಅಂದೆ. ಕೆಂಪು ದೀಪ ಹತ್ತಿಸಿದೆ. ಅವಳು ಹಾಳೆ ಕಣ್ಣಿನ ಹತ್ತಿರ ಹಿಡಿದು ಓದಿದಳು.

"ನೀರು ಕೊಡಿ. ನನಗೆ ನೋವಾಗುತ್ತಿದೆ. ದಿಂಬನ್ನು ಸರಿಮಾಡಿ. ನಾನು ಒಬ್ಬಳೇ ಇರಬೇಕು." ಅಲ್ಲಿಗೆ ನಿಲ್ಲಿಸಿದಳು. "ಇದೇನೋ ಇದು? ಬರೀ ರೋಗಿ ಮಾತು."

"ಬೇಕಾಗುತ್ತೆ ಕಣೇ. ಮುಂದೆ ಓದು."

"ನೀರು ಬೇಕು ಅಂದ್ರೆ ಲೋಟ ತೋರಿಸ್ತೀನಿ. ಅದಕ್ಕೆ ದನಿ ಯಾಕೆ ಖರ್ಚು ಮಾಡಲಿ?"

"ಸರಿ, ನಿನಗೆ ಬೇಕಾದ್ದು ಹೇಳು. ಏನಾದ್ರೂ ಹೇಳು. ಓಡ್ತಾ ಇದೆ."

"ಆರಿಸು ಅದನ್ನ."

"ಅಕ್ಕಾ, ಟೈಮಿಲ್ಲ."

"ಟೈಮಿಲ್ಲ ಅಂತಾನೇ ಹೇಳ್ತಿರೋದು." ಅವಳಿಗೆ ಉಸಿರು ಸಿಗಲಿಲ್ಲ, ಎದೆ ಹಿಡಿದುಕೊಂಡು ಕಾದಳು. "ಆರು ವಾರ ಆ ಡಬ್ಬದಲ್ಲಿ ಕೂತು ಯಾರಿಗೂ ಅಲ್ಲದ ಮಾತು ಆಡಿದೀನಿ ಕಣೋ. ಇವತ್ತೊಂದು ದಿನ ಯಾರಿಗಾದ್ರೂ ಆಡ್ತೀನಿ. ಅದನ್ನ ತಗೊಂಡು ಹೋಗಿ ಹೊರಗಿಡು. ನಿನ್ನ ಫೋನೂ."

"ಒಂದು ಮೂಲೇಲಿ ಇರಲಿ. ನಿನಗೆ ಕಾಣಿಸದ ಹಾಗೆ..."

"ಅದು ಇದ್ರೆ ನಾನು ಅದಕ್ಕೇ ಮಾತಾಡ್ತೀನಿ. ನಿಮಗಲ್ಲ."

ನಾನು ಜಗಳವಾಡಿದೆ. ಸುಳ್ಳು ಯಾಕೆ, ಕೂಗಾಡಿದೆ. ನೀನು ಸ್ವಾರ್ಥಿ, ನಾವು ಆಮೇಲೆ ಏನು ಕೇಳಿಕೊಂಡು ಬದುಕಬೇಕು, ಭಾವನ ಮುಖ ನೋಡು, ಅಂತೆಲ್ಲ. ಭಾವ ಎದ್ದ. ನನ್ನ ಕೈಯಿಂದ ರೆಕಾರ್ಡರು ತೆಗೆದುಕೊಂಡ, ಜೇಬಿನಿಂದ ಫೋನು ತೆಗೆದುಕೊಂಡ. ಎರಡನ್ನೂ ಹೊರಗೆ ಮೆಟ್ಟಿಲ ಮೇಲೆ ಇಟ್ಟು ಬಂದು ಬಾಗಿಲು ಹಾಕಿದ. ಅವನು ಆವತ್ತು ಮಾಡಿದ ಒಂದೇ ವಾದ ಅದು.

ಆಮೇಲೆ ಅಕ್ಕ ಮಾತಾಡಿದಳು. ನಾಲ್ಕು ಗಂಟೆಯವರೆಗೆ.

ದೊಡ್ಡ ಮಾತು ಒಂದೂ ಇರಲಿಲ್ಲ. ಗ್ಯಾಸಿನ ಪೈಪು ಬದಲಾಯಿಸಬೇಕು ಅಂದಳು. ಭಾವನಿಗೆ, ನೀನು ಗೊರಕೆ ಹೊಡೀತೀಯ ಅಂತ ಹದಿಮೂರು ವರ್ಷದಿಂದ ಹೇಳ್ತಿದೀನಿ, ಇನ್ಮೇಲೆ ಹೇಳೋರು ಇಲ್ಲ, ಆರಾಮಾಗಿ ಹೊಡಿ ಅಂದಳು. ಪಕ್ಕದ ಮನೆಯಾಕೆ ಬಂದಾಗ ಅವಳ ಸೊಸೆಯ ಪರ ವಹಿಸಿ ಜಗಳವಾಡಿ ಕಳಿಸಿದಳು. ಭಾವನ ಫೋನಿನಿಂದ ತನ್ನ ಡ್ರೈವರಿಗೆ ಕರೆ ಮಾಡಿದಳು. "ಏನು ಸಾಹೇಬರೇ, ಹೊಸ ಕಂಡಕ್ಟರ್ ಬಂದಿದ್ದಾಳಂತೆ? ಅವಳನ್ನ ರೇಗಿಸಿದ್ರೆ ನಾನು ಮೂಕಿಯಾದ್ರೂ ಬಂದು ಗುದ್ದಿ ಹೋಗ್ತೀನಿ." ಆ ಕಡೆಯಿಂದ ಅವನು ಏನೋ ಅಂದ. ಅವಳು ಕೆಮ್ಮುತ್ತ ನಕ್ಕಳು, ನಗುತ್ತ ಕೆಮ್ಮಿದಳು. ಮಧ್ಯೆ ಮಧ್ಯೆ ದನಿ ಪೂರ್ತಿ ಅಡಗಿ ಬರೀ ಗಾಳಿ ಬರುತ್ತಿತ್ತು. ಆಗ ಬೆರಳು ಎತ್ತಿ 'ತಾಳಿ' ಅಂತ ಸನ್ನೆ ಮಾಡಿ, ಬಿಸಿನೀರು ಗುಟುಕರಿಸಿ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು.

ನನಗೆ ಹೇಳಿದ್ದೂ ಇದೆ. ಅಮ್ಮ ಹೋದ ಮೇಲೆ ನಾನು ನಿದ್ದೆಯಲ್ಲಿ ಎದ್ದು ಕೂತು ಯಾರಿಗೋ ಬೈಯುತ್ತಿದ್ದೆನಂತೆ. ಅವಳು ಅದಕ್ಕೆ ನಿದ್ದೆಗಣ್ಣಲ್ಲೇ ಉತ್ತರ ಕೊಡುತ್ತಿದ್ದಳಂತೆ. "ಒಂದು ದಿನ ನೀನು, ಯಾರೇ ಅದು ಅಂತ ಕೇಳಿದೆ. ನಾನೇ ಕಣೋ ಅಂದೆ. ನೀನು ಸರಿ ಅಂತ ಮಲ್ಕೊಂಡೆ. ಮತ್ತೆ ಎದ್ದೇಳಲಿಲ್ಲ." ಇದನ್ನು ಅವಳು ಮುಂಚೆ ಯಾವತ್ತೂ ಹೇಳಿರಲಿಲ್ಲ.

"ನಿನ್ನಿಂದಾಗಿ ಹೋಯ್ತು ಅಂತ ಕೊರಗಬೇಡ," ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವಳಿಗೆ ಹೊಟ್ಟೆಯೊಳಗೆ ಸಿಟ್ಟು ಇತ್ತೇನೋ. ಇದ್ದಿದ್ದರೆ ನ್ಯಾಯವೇ. ಹೊರಡುವಾಗ ಚೀಲ ನನ್ನ ಕೈಗೆ ಕೊಟ್ಟು, "ಭಾರ ಇದೆ, ಎರಡೂ ಕೈಲಿ ಹಿಡ್ಕೋ," ಅಂದಳು. ಆಸ್ಪತ್ರೆಯ ದಾರಿಯಲ್ಲಿ ಅವಳ ಬಾಯಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಅಕ್ಕ ಬದುಕಿದ್ದಾಳೆ. ಕತ್ತಿನ ಬುಡದಲ್ಲಿ ಉಸಿರಿಗೆ ಒಂದು ತೂತಿದೆ, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಗಂಟಲಿಗೆ ಒತ್ತಿ ಹಿಡಿಯುವ ಯಂತ್ರವೊಂದನ್ನು ಕೊಟ್ಟರು. ಅದರಲ್ಲಿ ಮಾತಾಡಿದರೆ ಜೀರುಂಡೆ ಬೈದ ಹಾಗೆ ಕೇಳಿಸುತ್ತದೆ. ಫೋನು ಹೇಳುವ ಸಿದ್ಧ ದನಿಗಳನ್ನೂ ಕೇಳಿಸಿದೆ. ಅದರ ಹೆಂಗಸು ಸುದ್ದಿ ಓದುವವಳ ಹಾಗೆ. "ಇವಳು ಯಾರು, ನನ್ನ ಸವತಿಯಾ?" ಅಂತ ಬರೆದು ತೋರಿಸಿ ಎರಡನ್ನೂ ಪೆಟ್ಟಿಗೆಗೆ ಹಾಕಿದಳು. ಈಗ ಕೊರಳಿಗೆ ಪುಟ್ಟ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಬಸ್ಸಿನ ಕೆಲಸ ಇಲ್ಲ, ಡಿಪೊದಲ್ಲಿ ಟಿಕೆಟ್ ಯಂತ್ರಗಳ ಉಸ್ತುವಾರಿ ಕೊಟ್ಟಿದ್ದಾರೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಎರಡು ತಿಂಗಳಿಗೆ ನಿಯಮ ಸಾರ್ ಸುತ್ತೋಲೆ ಹೊರಡಿಸಿದರು: ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ ಮಾತ್ರ ಇರತಕ್ಕದ್ದು. ಪ್ಯಾನೆಲ್ ಅದೇ, ಪ್ಯಾಕೇಜು ಅದೇ. ಸಹಿ ಹಾಕಲು ನನ್ನ ಮುಂದಿಟ್ಟಾಗ ಹಾಕಲಿಲ್ಲ. ಪ್ಯಾಕೇಜು ಕಟ್ಟುವವರಿಗೆ ಉದ್ದ ಪತ್ರ ಬರೆದೆ, ಬಾಯಿಗೆ ಬಂದದ್ದೆಲ್ಲ. ಅವರ ಕಡೆಯಿಂದ ಒಬ್ಬರ ಉತ್ತರ ಬಂತು. ಈ ಪ್ಯಾನೆಲ್ ಸೇರಿ ಇನ್ನೂರು ಪ್ಯಾಕೇಜುಗಳನ್ನು ತಾನೊಬ್ಬನೇ ನೋಡಿಕೊಳ್ಳುತ್ತಿರುವುದಾಗಿ, ಸಂಬಳವಿಲ್ಲದೆ, ರಜೆಯ ದಿನಗಳಲ್ಲಿ. ಕ್ಷಮಿಸಿ ಅಂತಲೂ ಬರೆದಿದ್ದ. ಬೈಯಲು ಹೋದ ಕಡೆ ಎಲ್ಲ ಹೀಗೇ. ಬಾಗಿಲು ತಟ್ಟಿದರೆ ಒಳಗೆ ಯಾರೋ ಒಬ್ಬ ಸುಸ್ತಾದವನು.

ಆ ಮಧ್ಯಾಹ್ನ ಅವಳು ಏನೇನು ಹೇಳಿದಳು ಅಂತ ನಾನೂ ಭಾವನೂ ಒಂದು ದಿನ ಕೂತು ಜೋಡಿಸಲು ನೋಡಿದೆವು. ಮೂರು ಗಂಟೆಯ ಮಾತಿನಲ್ಲಿ ಅರ್ಧ ಪುಟ ಬಂತು. ಅದರಲ್ಲೂ ಜಗಳ. ಅವನು ಹಾಗಲ್ಲ ಅಂದ, ನಾನು ಹೀಗೇ ಅಂದೆ.

ಇನ್ನೊಂದಿದೆ, ಭಾವನಿಗೆ ಹೇಳಿಲ್ಲ. ಅವಳು ಬರೆದು ತೋರಿಸಿದ್ದನ್ನು ಓದುವಾಗ ಮೊದಲ ತಿಂಗಳೆಲ್ಲ ನನ್ನ ತಲೆಯೊಳಗೆ ಅವಳ ದನಿಯೇ ಓದುತ್ತಿತ್ತು, ಏರಿಳಿತ ಸಮೇತ. ಸರ್ವರಿನಿಂದ ಹೋದರೂ ಇಲ್ಲಿದೆಯಲ್ಲ ಅಂದುಕೊಂಡಿದ್ದೆ. ಆಮೇಲೆ ಯಾವಾಗಲೋ ಅದು ಮಸುಕಾಗತೊಡಗಿತು. ಹಿಡಿದಿಡಲು ನೋಡಿದೆ. ದಿನವೂ ಅವಳನ್ನು ಕರೆತರಲು ಡಿಪೊಗೆ ಹೋಗುವ ದಾರಿಯಲ್ಲಿ ಒಂದು ವಾಕ್ಯ ಅವಳ ಹಾಗೆ ಮನಸ್ಸಿನಲ್ಲಿ ಹೇಳಿಸಿಕೊಳ್ಳುತ್ತಿದ್ದೆ. ಪ್ರತಿ ಸಲ ಹೇಳಿಸಿಕೊಂಡಾಗಲೂ ಅದು ಸ್ವಲ್ಪ ಸವೆದು ನನ್ನ ಹಾಗಾಗುತ್ತಿತ್ತು.

ನಿನ್ನೆ ಡಿಪೊದ ಗೇಟಿನಲ್ಲಿ ಅವಳು ಪುಸ್ತಕದಲ್ಲಿ ಗೀಚಿ ನನ್ನ ಕಡೆ ತಿರುಗಿಸಿದಳು: "ಏನೋ, ಮುಖ ಯಾಕೆ ಹೀಗಿದೆ? ಊಟ ಆಯ್ತಾ?"

ಓದಿದೆ. ನನ್ನದೇ ದನಿ ಓದಿತು. ಇನ್ನೊಂದು ಸಲ ಓದಿದೆ. ಆಗಲೂ ನನ್ನದೇ.

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಆಯ್ತು ಅಂದೆ.